ಚಾವುಂಡರಾಯನ ಬಿರುದುಗಳು: ಹೊಗಳಿಕೆಯೋ ದಾಖಲೆಯೋ?

ಚಾವುಂಡರಾಯನೆಂದೊಡನೆ ಗೊಮ್ಮಟಮೂರ್ತಿಯೂ ಕ್ರಿ.ಶ. 978ರ ‘ಚಾವುಂಡರಾಯ ಪುರಾಣ’ವೂ ನೆನಪಾಗುತ್ತವೆ. ಗಂಗ ದೊರೆಗಳಾದ ಮಾರಸಿಂಹ, ರಾಚಮಲ್ಲರ ಸೇನೆಯನ್ನು ನಡೆಸಿದ ದಂಡನಾಯಕನಿಗೆ ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ದೊರೆಯುವುದು ಒಂದೆರಡು ವಾಕ್ಯ ಮಾತ್ರ. ಇದು ಸರಿಯಲ್ಲ.

ಅವನ ಬಿರುದುಗಳನ್ನು ಬರಿಯ ಹೊಗಳಿಕೆಯೆಂದು ದಾಟಿಹೋಗುವುದು ರೂಢಿಯಾಗಿದೆ. ಆದರೆ ಪುರಾಣವು ಅವುಗಳಲ್ಲಿ ಹಲವಕ್ಕೆ ಕಾಳಗದ ಹಿನ್ನೆಲೆಯನ್ನೇ ಕೊಡುತ್ತದೆ. ಖೇಡಗದಲ್ಲಿ ವಜ್ವಲದೇವನನ್ನು ಸೋಲಿಸಿ ‘ಸಮರಧುರಂಧರ’, ಗೋನೂರಿನ ಬಯಲಲ್ಲಿ ನೊಳಂಬರನ್ನು ಗೆದ್ದು ‘ವೀರಮಾರ್ತಂಡ’, ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಕಾದಿ ‘ರಣರಂಗಸಿಂಗ’. ತಮ್ಮನಾದ ನಾಗವರ್ಮನನ್ನು ಕೊಂದ ಚಲದಂಕಗಂಗನನ್ನು ಸಂಹರಿಸಿದ್ದಕ್ಕೆ ‘ಸಮರಪರಶುರಾಮ’. ಇಲ್ಲಿ ರಾಜಕಾರ್ಯದೊಡನೆ ಮನೆಯ ಸೇಡೂ ಬೆರೆತಿದೆ. ಸ್ಥಳವನ್ನೂ ಎದುರಾಳಿಯನ್ನೂ ಹೆಸರಿಸುವ ಇಂಥ ಪಟ್ಟಿಯನ್ನು ಸೇನಾನಿಯೊಬ್ಬನ ಸೇವಾದಾಖಲೆಯೆಂದೇ ಓದಬೇಕು.

ತನ್ನನ್ನು ತಾನೇ ಬಣ್ಣಿಸಿಕೊಂಡದ್ದಲ್ಲವೇ ಎಂಬ ಆಕ್ಷೇಪಕ್ಕೆ ಬೆಲೆಯಿದೆ. ಹೋಲಿಸಿ ನೋಡಲು ಒದಗಬಹುದಾಗಿದ್ದ ಪ್ರಶಸ್ತಿಯೊಂದು ಶ್ರವಣಬೆಳಗೊಳದ ತ್ಯಾಗದ ಬ್ರಹ್ಮದೇವರ ಕಂಬದ ಮೇಲಿತ್ತು. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣನೆಂಬವನ ಪುಟ್ಟ ಬರಹಕ್ಕಾಗಿ ಅದರ ಮೂರು ಮುಖಗಳ ಅಕ್ಷರಗಳನ್ನು ಅಳಿಸಲಾಯಿತು. ಎಂಥ ನಷ್ಟ! ಆದರೂ ಉಳಿದ ಒಂದು ಮುಖ ವಜ್ವಲದೇವನ ಸೋಲನ್ನೂ ನೊಳಂಬರೊಡನೆಯ ಯುದ್ಧವನ್ನೂ ಚಲದಂಕಗಂಗನನ್ನೂ ಹೆಸರಿಸುತ್ತದೆ.