ಕವಣೆಯ ನಾಡಿನಲ್ಲಿ ಸೀಸದ ಗುಂಡು

ಹಿಂಗಾರಿ ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಅಟ್ಟಣೆ ಏಳುವುದು ಹಳೆಯ ರೂಢಿ. ಅಟ್ಟಣೆಯ ಮೇಲೆ ನಿಂತವರು ಕವಣೆಗೆ ಕಲ್ಲಿಟ್ಟು ತಿರುಗಿಸಿ ಬೀಸಿ, ಬಾಯಿಂದ ಕೂಗು ಹಾಕಿ ಹಕ್ಕಿಗಳನ್ನು ಎಬ್ಬಿಸುತ್ತಿದ್ದರು. ಕವಣೆಯ ಉದ್ದೇಶ ಹಕ್ಕಿಯನ್ನು ಕೊಲ್ಲುವುದಲ್ಲ, ತೆನೆಯಿಂದ ಎಬ್ಬಿಸುವುದು. ಕಲ್ಲು ಗುರಿ ತಪ್ಪಿದರೂ ಕೆಲಸವಾಗುತ್ತಿತ್ತು. ಬಿದ್ದ ಕಲ್ಲು ಹೊಲದ ಕಲ್ಲಾಗಿಯೇ ಉಳಿಯುತ್ತಿತ್ತು.

ಇಂದು ಕವಣೆ ಹೆಣೆಯಬಲ್ಲವರು ಕಡಿಮೆಯಾಗುತ್ತಿದ್ದಾರೆ. ಆ ಜಾಗಕ್ಕೆ ಏರ್‌ಗನ್ ಬಂದಿದೆ. ಅದರ ಬೆನ್ನಿಗೇ ಇನ್ನೊಂದು ವಿದ್ಯೆಯೂ ಬರುತ್ತಿದೆ. ಕಾಗದದ ಗುರಿಗೆಂದು ಮಾಡಿದ ಗಾಳಿಕೋವಿಯನ್ನು ಬಿಚ್ಚಿ, ಅದರ ಒತ್ತಡವನ್ನೂ ಸ್ಪ್ರಿಂಗನ್ನೂ ನಳಿಗೆಯನ್ನೂ ಹೊಂದಿಸಿ, ‘ಸ್ಲಗ್’ ಎಂಬ ಗಟ್ಟಿ ಸೀಸದ ಗುಂಡನ್ನು ದೂರಕ್ಕೆ ನಿಖರವಾಗಿ ಹಾರಿಸುವ ವಿದ್ಯೆ ಅದು. ಯುವಕರಿಗೆ ಇದು ಯಂತ್ರಕೌಶಲದ ಆಟವಾಗಿ ಕಾಣುತ್ತದೆ. ಆದರೆ ಈ ಆಟದಲ್ಲಿ ಒಂದು ಗೆರೆಯಿದೆ. ಸ್ಕ್ರೂ ಒಂದೆರಡು ಸುತ್ತು ತಿರುಗಿದಾಗ ಕೋವಿ ಆ ಗೆರೆಯನ್ನು ದಾಟಿಬಿಡುತ್ತದೆ. ದಾಟಿದ್ದು ಕೋವಿ ಹಿಡಿದವನಿಗೇ ತಿಳಿಯುವುದಿಲ್ಲ. ಚರ್ಚೆಯಾಗಬೇಕಾದದ್ದು ಈ ಗೆರೆ.

ಮಲೆನಾಡಿನ ಪತ್ರಿಕೆಯಲ್ಲಿ ಬಯಲುನಾಡಿನ ತಿಂಥಣಿಯ ಮಾತೇಕೆ ಎಂದು ಓದುಗರು ಕೇಳಬಹುದು. ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆ, ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಇವೆರಡೂ ಸಹ್ಯಾದ್ರಿಯ ಮಳೆಯನ್ನೇ ಹೊತ್ತು ಕೂಡಲಸಂಗಮದಲ್ಲಿ ಒಂದಾಗಿ, ನಾರಾಯಣಪುರದ ಬಸವಸಾಗರವನ್ನು ದಾಟಿ ತಿಂಥಣಿಗೆ ಬರುತ್ತವೆ. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಮೌನೇಶ್ವರನ ಕ್ಷೇತ್ರ ಅಲ್ಲಿಯ ಹೊಳೆದಂಡೆಯಲ್ಲಿದೆ. ಅದೇ ಸುರಪುರ ತಾಲ್ಲೂಕಿನಲ್ಲಿ ಬೋನಾಳ ಪಕ್ಷಿಧಾಮವಿದೆ. ಸುರಪುರದ ನಾಯಕ ಅರಸರ ಕಾಲದ ಆ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಬಾತುಗಳು ಬಂದಿಳಿಯುತ್ತವೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಜೋಳದ ನೆಲದಲ್ಲಿ ಭತ್ತವೂ ಬಂತು, ಭತ್ತದೊಂದಿಗೆ ಗದ್ದೆಗಿಳಿಯುವ ಹಕ್ಕಿಗಳೂ ಬಂದವು. ಮಲೆನಾಡಿನ ತೋಟದಲ್ಲಿ ಮಂಗ, ಕಾಡುಹಂದಿ, ಕೆಂದಳಿಲುಗಳಿಂದ ಬೇಸತ್ತ ಕೃಷಿಕನಿಗೂ, ಕೃಷ್ಣೆಯ ದಂಡೆಯಲ್ಲಿ ನವಿಲು, ಹಂದಿ, ಕಾಳುಹಕ್ಕಿಗಳಿಂದ ಬೇಸತ್ತ ರೈತನಿಗೂ ಸಂಕಟ ಒಂದೇ. ಇಬ್ಬರ ಕೈಗೂ ಸಿಗುತ್ತಿರುವ ಉಪಕರಣವೂ ಒಂದೇ.

ಮೊದಲು ಆ ಉಪಕರಣವನ್ನು ಸರಿಯಾಗಿ ಅರಿಯಬೇಕು. ಸಾಮಾನ್ಯ ಏರ್‌ಗನ್ನಿನ ಪೆಲೆಟ್ ಡಮರುಗದ ಆಕಾರದ್ದು. ನಡು ಸಣ್ಣ, ಹಿಂಬದಿ ಟೊಳ್ಳು. ಗಾಳಿಯ ಒತ್ತಡಕ್ಕೆ ಅದರ ತೆಳುವಾದ ಹಿಂಭಾಗ ಅರಳಿ ನಳಿಗೆಯ ಸುರುಳಿ ಗೀರುಗಳನ್ನು ಕಚ್ಚುತ್ತದೆ. ಹಾರುವಾಗ ಅಗಲವಾದ ಹಿಂಬದಿ ಗಾಳಿಯನ್ನು ತಡೆದು, ಬ್ಯಾಡ್ಮಿಂಟನ್ ಆಟದ ಹೂಚೆಂಡಿನಂತೆ, ಮೂತಿಯನ್ನು ಮುಂದಕ್ಕೇ ಇರಿಸುತ್ತದೆ. ಅದೇ ತಡೆಯಿಂದಾಗಿ ಪೆಲೆಟ್ ಬೇಗನೆ ವೇಗ ಕಳೆದುಕೊಳ್ಳುತ್ತದೆ. ಅದರ ದೌರ್ಬಲ್ಯವೇ ಸುತ್ತಲಿನವರಿಗೆ ರಕ್ಷೆ.

ಸ್ಲಗ್ ಹಾಗಲ್ಲ. ಅದು ಉರುಳೆಯಾಕಾರದ, ಹೆಚ್ಚು ತೂಕದ ಗುಂಡು. ರೂಪದಲ್ಲಿ ಬಂದೂಕಿನ ಗುಂಡಿಗೆ ಹತ್ತಿರ. ಅದನ್ನು ನೇರವಾಗಿ ಹಿಡಿದಿಡುವುದು ಬುಗುರಿಯಂತೆ ಸುತ್ತುವ ವೇಗವೊಂದೇ. ಆದ್ದರಿಂದ ಪೆಲೆಟ್ಟಿಗೆಂದು ಮಾಡಿದ ನಳಿಗೆಯಲ್ಲಿ ಉದ್ದನೆಯ ಸ್ಲಗ್ ತೊನೆದಾಡಿ ಎಲ್ಲೆಲ್ಲೋ ಬೀಳುವುದುಂಟು. ಪೆಲೆಟ್ ನಳಿಗೆಯ ಗೀರು ಸಾಮಾನ್ಯವಾಗಿ 40-45 ಸೆಂಟಿಮೀಟರಿಗೆ ಒಂದು ಸುತ್ತು ತಿರುಗಿದರೆ, ಉದ್ದದ ಸ್ಲಗ್ಗಿಗೆ ಅದಕ್ಕಿಂತ ಬಿಗಿಯಾದ ಸುರುಳಿ ಬೇಕು. ಸ್ಲಗ್ಗಿನ ಮೈ ಉದ್ದಕ್ಕೂ ನಳಿಗೆಗೆ ಉಜ್ಜುವುದರಿಂದ ಅದರ ವ್ಯಾಸ ಮಿಲಿಮೀಟರಿನ ನೂರನೆಯ ಭಾಗದಷ್ಟು ಹೆಚ್ಚುಕಡಿಮೆಯಾದರೂ ಗುರಿ ಚದುರುತ್ತದೆ. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ವೇಗ ಬದಲಾಗಬಾರದು. ಅದಕ್ಕೆ ಗಾಳಿಯ ಒತ್ತಡವನ್ನು ಸಮನಾಗಿಡುವ ರೆಗ್ಯುಲೇಟರನ್ನೂ, ಕವಾಟಕ್ಕೆ ಬಡಿಯುವ ಸುತ್ತಿಗೆಯ ಸ್ಪ್ರಿಂಗನ್ನೂ ಒಂದಕ್ಕೊಂದು ಹೊಂದಿಸಬೇಕು. ಪ್ರತಿ ಬದಲಾವಣೆಯ ನಂತರ ವೇಗಮಾಪಕದಲ್ಲಿ ಅಳೆದು, ಕಾಗದದ ಮೇಲೆ ಐದೈದು ಗುಂಡು ಹಾರಿಸಿ, ತೂತುಗಳು ಎಷ್ಟು ಒತ್ತಾಗಿ ಬಿದ್ದವೆಂದು ನೋಡಬೇಕು. ತಾಳ್ಮೆ, ಅಳತೆ, ದಾಖಲೆ ಎಲ್ಲವನ್ನೂ ಬೇಡುವ ಕೆಲಸವಿದು. ಇದನ್ನು ಕಲಿತ ಕೈಗಳ ಜಾಣ್ಮೆಯನ್ನು ಅಲ್ಲಗಳೆಯಬೇಕಿಲ್ಲ.

ಆದರೆ ಈ ಹೊಂದಾಣಿಕೆಯಲ್ಲಿ ನಿಖರತೆಯೊಂದಿಗೆ ಬಲವೂ ಬೆಳೆಯುತ್ತದೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಚಲನಶಕ್ತಿಯೆಂದರೆ ತೂಕವನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದ್ದು. ಅರ್ಧ ಗ್ರಾಮಿನ 4.5 ಮಿಲಿಮೀಟರ್ ಪೆಲೆಟ್ ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಎಂಟು ಜೂಲಿಗೂ ಕಡಿಮೆ. ಅದೇ ವ್ಯಾಸದ 0.8 ಗ್ರಾಮಿನ ಸ್ಲಗ್ 270 ಮೀಟರ್ ವೇಗದಲ್ಲಿ ಹೊರಟರೆ ಶಕ್ತಿ ಸುಮಾರು 29 ಜೂಲ್. 5.5 ಮಿಲಿಮೀಟರ್ ಕೋವಿಯಲ್ಲಿ 1.6 ಗ್ರಾಮಿನ ಸ್ಲಗ್ 280 ಮೀಟರ್ ವೇಗ ಪಡೆದರೆ ಶಕ್ತಿ 60 ಜೂಲನ್ನು ದಾಟುತ್ತದೆ. ವೇಗ ವರ್ಗವಾಗಿ ಲೆಕ್ಕಕ್ಕೆ ಬರುವುದರಿಂದ ಸಣ್ಣ ತಿರುಪು ದೊಡ್ಡ ಪರಿಣಾಮ ಬೀರುತ್ತದೆ.

ಕಾನೂನು ಗೆರೆ ಎಳೆದಿರುವುದೂ ಇಲ್ಲಿಯೇ. ಹಿಂದೆ ಮರದ ಹಲಗೆಯೇ ಅಳತೆಗೋಲಾಗಿತ್ತು. ಗುಂಡು ಹಲಗೆಯನ್ನು ತೂರಿ ಹೊರಬರದಿದ್ದರೆ ಪರವಾನಗಿ ಬೇಕಿರಲಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರಿಗಿಂತ ಹೆಚ್ಚು ವ್ಯಾಸದ ಅಥವಾ 20 ಜೂಲಿಗಿಂತ ಹೆಚ್ಚು ಶಕ್ತಿಯ ಗಾಳಿಕೋವಿಗೆ ಪರವಾನಗಿ ಬೇಕು. ಅಂಗಡಿಯಲ್ಲಿ ಪರವಾನಗಿ ಇಲ್ಲದೆ ಕೊಂಡ 4.5 ಮಿಲಿಮೀಟರ್ ಕೋವಿ ಮನೆಯ ಮೇಜಿನ ಮೇಲೆ ಬಿಚ್ಚಿ ಜೋಡಿಸಿದ ಮೇಲೆ 29 ಜೂಲ್ ಕೊಡುವಂತಾದರೆ ಅದು ಪರವಾನಗಿಯಿಲ್ಲದ ಶಸ್ತ್ರ. ಡಬ್ಬದ ಮೇಲಿನ ಅಂಕಿ ಆಗ ರಕ್ಷಣೆಗೆ ಬಾರದು. ಕಾಲೇಜಿನ ಹುಡುಗನೊಬ್ಬ ಇದನ್ನರಿಯದೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾಗಿ ಬಂದರೆ ಅವನ ಮುಂದಿನ ಓದು, ನೌಕರಿ ಎಲ್ಲಕ್ಕೂ ತೊಡಕು.

ಆಯುಧದ ಕಾನೂನೆಂದರೆ ಈ ಸೀಮೆಯಲ್ಲಿ ಅನುಮಾನ ಮೂಡುವುದು ಸಹಜ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಲು ಆಜ್ಞೆ ಮಾಡಿದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪದೆ ಹೋರಾಡಿ ಪ್ರಾಣ ತೆತ್ತರು. ಮರುವರ್ಷ ಸುರಪುರದ ರಾಜಾ ವೆಂಕಟಪ್ಪ ನಾಯಕರು ಬಂಡೆದ್ದರು. ಆಯುಧ ಕಸಿಯುವುದೆಂದರೆ ಮಾನ ಕಸಿಯುವುದು ಎಂಬ ನೆನಪು ಆ ನೆಲದಲ್ಲಿ ಇನ್ನೂ ಇದೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಹಲಗಲಿಯವರು ಆಯುಧ ಹಿಡಿದದ್ದು ತಮ್ಮನ್ನು ತುಳಿದ ಬಲಿಷ್ಠರ ಎದುರು. ಜೊಂಡಿನ ಮರೆಯಲ್ಲಿ ನಿಂತು ನೀರಿನ ಹಕ್ಕಿಗೆ ಗುರಿಯಿಡುವ ಕೋವಿಗೆ ಆ ಪರಂಪರೆಯ ಹೆಸರು ಹೇಳಿದರೆ ಪರಂಪರೆಗೇ ಅವಮಾನ.

ನಿಖರವಾದ ಕೋವಿಯಿಂದ ಪ್ರಾಣಿ ನರಳದೆ ಸಾಯುತ್ತದೆ, ಆದ್ದರಿಂದ ಸ್ಲಗ್ಗೇ ದಯೆ ಎಂಬ ವಾದವೂ ಇದೆ. ಅಶಕ್ತವಾದ ಪೆಲೆಟ್ ತಗುಲಿ ವಾರಗಟ್ಟಲೆ ನರಳುವ ಪ್ರಾಣಿಯನ್ನು ಕಂಡವರಿಗೆ ಈ ಮಾತು ಸರಿಯೆನಿಸಬಹುದು. ಆದರೆ ಕಾಗದ ಕದಲುವುದಿಲ್ಲ, ಹಕ್ಕಿ ಕದಲುತ್ತದೆ. ಹೊಳೆಯ ಮೇಲಿನ ಗಾಳಿ ಕ್ಷಣಕ್ಕೊಂದು ದಿಕ್ಕು ಹಿಡಿಯುತ್ತದೆ. ಮನೆಯ ಹಿತ್ತಲಲ್ಲಿ ಒಂದು ನಾಣ್ಯದಗಲಕ್ಕೆ ಬಿದ್ದ ಐದು ತೂತುಗಳು ಹೊಳೆದಂಡೆಯಲ್ಲಿ ಆಶ್ವಾಸನೆಯಾಗಲಾರವು. ಗುರಿ ತಪ್ಪಿದ ಸ್ಲಗ್ ಪೆಲೆಟ್ಟಿನಂತೆ ಬೇಗ ಸೋಲುವುದಿಲ್ಲ. ಬಂಡೆಗೋ ನೀರಿನ ಮೈಗೋ ಬಡಿದು ಚಿಮ್ಮಿ ಬೇರೆ ದಿಕ್ಕಿಗೆ ಹಾರಬಹುದು. ತಿಂಥಣಿಯಂಥ ಊರಿನಲ್ಲಿ ಹೊಳೆದಂಡೆಯೆಂದರೆ ಸ್ನಾನಕ್ಕಿಳಿದ ಯಾತ್ರಿಕರು, ಬಟ್ಟೆ ಒಗೆಯುವ ಹೆಂಗಸರು, ಎಮ್ಮೆ ತೊಳೆಯುವ ಮಕ್ಕಳು. ಮಲೆನಾಡಿನ ಅಡಿಕೆ ತೋಟದಲ್ಲಿ ಮರದ ಸಾಲಿನಾಚೆ ಯಾರು ಸೊಪ್ಪು ಕೊಯ್ಯುತ್ತಿದ್ದಾರೆಂಬುದು ದುರ್ಬೀನಿನಲ್ಲಿ ಕಾಣುವುದಿಲ್ಲ.

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972 ಬೇಟೆಯೆಂದರೆ ಕೊಲ್ಲುವುದಷ್ಟೇ ಎಂದು ಹೇಳಿಲ್ಲ. ಗಾಯಗೊಳಿಸುವುದೂ, ಅದಕ್ಕೆ ಯತ್ನಿಸುವುದೂ ಬೇಟೆಯೇ. ಕೋವಿಗೆ ಪರವಾನಗಿ ಬೇಡವೆಂದ ಮಾತ್ರಕ್ಕೆ ಹಕ್ಕಿಗೆ ಹೊಡೆಯಲು ಅನುಮತಿ ಸಿಕ್ಕಂತಾಗಲಿಲ್ಲ. ಇವೆರಡೂ ಬೇರೆ ಬೇರೆ ಕಾನೂನುಗಳು. ಹಳ್ಳಿಗಳಲ್ಲಿ ಬಹುಪಾಲು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ.

ಸೀಸದ ಮಾತನ್ನೂ ಮರೆಯುವಂತಿಲ್ಲ. ಸೀಸ ಕೊಳೆತು ಮಣ್ಣಿನಲ್ಲಿ ಒಂದಾಗುವ ವಸ್ತುವಲ್ಲ. ಗುಂಡು ಹೊಕ್ಕು ಸತ್ತ ಪ್ರಾಣಿಯನ್ನು ತಿಂದ ಹದ್ದಿಗೂ ನಾಯಿಗೂ ಅದು ದಾಟುತ್ತದೆ; ಮಾಂಸದಲ್ಲಿ ಉಳಿದ ಚೂರುಗಳು ಮನೆಯ ಮಕ್ಕಳ ಹೊಟ್ಟೆಗೂ ಸೇರಬಹುದು. ಬೆಳೆಯುವ ಮಗುವಿನ ಮಿದುಳಿಗೆ ಸೀಸ ಎಷ್ಟು ಕಡಿಮೆಯಾದರೂ ಒಳ್ಳೆಯದಲ್ಲ. ನೀರುಹಕ್ಕಿಗಳು ಹರಳೆಂದು ಭಾವಿಸಿ ಸೀಸದ ಚರೆಗಳನ್ನು ನುಂಗಿ ಸಾಯುವುದನ್ನು ಕಂಡ ಅಮೆರಿಕ 1991ರಲ್ಲಿ ಬಾತುಗಳ ಬೇಟೆಗೆ ಸೀಸದ ಚರೆಯನ್ನು ನಿಷೇಧಿಸಿತು. ಯುರೋಪಿನ ಒಕ್ಕೂಟ 2023ರ ಫೆಬ್ರವರಿಯಿಂದ ಜೌಗುನೆಲಗಳಲ್ಲಿ ಅದನ್ನು ತಡೆದಿದೆ. ಬೇಟೆಗೆ ಅವಕಾಶವಿರುವ ನಾಡುಗಳೇ ಇಷ್ಟು ಎಚ್ಚರ ವಹಿಸಿರುವಾಗ, ಬೇಟೆಗೆ ಅವಕಾಶವೇ ಇಲ್ಲದ ನಾಡಿನ ಕೆರೆದಂಡೆಗೆ ಸೀಸ ಬೀಳುವುದಕ್ಕೆ ಯಾವ ಸಮರ್ಥನೆಯಿದೆ?

ಗುರಿಗಾರಿಕೆಯನ್ನೇ ಬಯಸುವವರಿಗೆ ದಾರಿ ಮುಚ್ಚಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದದ್ದು ಹತ್ತು ಮೀಟರ್ ಏರ್ ರೈಫಲ್ಲಿನಲ್ಲಿ. ಆ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್. ಆ ಚುಕ್ಕೆಯನ್ನು ಮುಟ್ಟುವ ಕೋವಿಯ ಶಕ್ತಿ ಏಳೆಂಟು ಜೂಲ್ ಮಾತ್ರ. ಹೆಚ್ಚು ಬಲವಿಲ್ಲದೆಯೇ ಜಗತ್ತಿನ ಅತ್ಯಂತ ನಿಖರವಾದ ಗುರಿ ಸಾಧ್ಯವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ತಾಲ್ಲೂಕಿಗೊಂದು ಸುರಕ್ಷಿತ ಗುರಿ ಅಭ್ಯಾಸ ಕೇಂದ್ರವಿದ್ದರೆ, ಸ್ಪ್ರಿಂಗ್ ಬಿಗಿಮಾಡುವುದರಲ್ಲಿ ಕಳೆಯುವ ಜಾಣ್ಮೆ ಉಸಿರು ಹಿಡಿಯುವುದನ್ನೂ ಕುದುರೆ ಎಳೆಯುವುದನ್ನೂ ಕಲಿಯಲು ಬಳಕೆಯಾದೀತು.

ಉಳಿದಿರುವುದು ರೈತನ ಪ್ರಶ್ನೆ, ಎಲ್ಲಕ್ಕಿಂತ ಕಠಿಣವಾದದ್ದೂ ಅದೇ. ರಾತ್ರಿ ಬೆಳಗಾಗುವುದರೊಳಗೆ ಬೆಳೆ ಹೋದವನಿಗೆ ಹಕ್ಕಿಯ ಚೆಲುವನ್ನು ಬೋಧಿಸುವುದು ಕ್ರೌರ್ಯ. ಆದರೆ ನಾಲ್ಕು ಹಕ್ಕಿಗಳನ್ನು ಕೊಂದರೆ ಹಿಂಡು ಬರುವುದು ನಿಲ್ಲುವುದಿಲ್ಲ. ಹೊಲದಲ್ಲಿ ಕಾಳಿರುವವರೆಗೂ ಹೊಸ ಹಿಂಡು ಬರುತ್ತದೆ. ಕಾಳು ತಿನ್ನುವ ಗೀಜಗವೇ ತನ್ನ ಮರಿಗಳಿಗೆ ಹುಳು ಹಿಡಿದು ತಂದು ಕೊಡುತ್ತದೆ. ಊರಿನವರೆಲ್ಲ ಒಂದೇ ವಾರದಲ್ಲಿ ಬಿತ್ತಿದರೆ ತೆನೆಯೂ ಒಂದೇ ಹೊತ್ತಿಗೆ ಬಂದು ನಷ್ಟ ಹಂಚಿಹೋಗುತ್ತದೆ. ಮುಂಚೆ ಬಿತ್ತಿದ ಒಬ್ಬನ ಹೊಲವೇ ಎಲ್ಲ ಹಕ್ಕಿಗಳಿಗೂ ಊಟವಾಗುವುದು ತಪ್ಪುತ್ತದೆ. ಹಾಲುಗಾಳಿನ ಎರಡು ಮೂರು ವಾರ ಹೊಳೆಯುವ ಪಟ್ಟಿಗಳನ್ನು ಕಟ್ಟಿ, ಹಕ್ಕಿ ಅದಕ್ಕೆ ಒಗ್ಗಿಕೊಳ್ಳುವ ಮುನ್ನ ಜಾಗ ಬದಲಿಸಿ, ಬೆಳಗ್ಗೆ ಸಂಜೆ ಸರದಿಯ ಮೇಲೆ ಕಾವಲು ನಿಂತರೆ ಬಹಳಷ್ಟು ಉಳಿಯುತ್ತದೆ. ಹಂದಿ, ಮಂಗಗಳ ಹಾವಳಿಗೆ ಇಷ್ಟು ಸಾಲದು. ಅಲ್ಲಿ ಬೇಲಿಗೆ ನೆರವು ಮತ್ತು ಸಕಾಲದ ಪರಿಹಾರ ಸರ್ಕಾರದ ಹೊಣೆ. ಆ ಹೊಣೆಯನ್ನು ನೆನಪಿಸದೆ ರೈತನಿಗೆ ಕಾನೂನು ಹೇಳುವ ನೈತಿಕ ಹಕ್ಕು ಯಾವ ಪರಿಸರವಾದಿಗೂ ಇಲ್ಲ.

ಹಳ್ಳಿಗಳು ತಾವಾಗಿಯೇ ಬದಲಾಗಬಲ್ಲವೆಂಬುದಕ್ಕೆ ಈಶಾನ್ಯದ ಗುಡ್ಡಗಾಡಿನಲ್ಲಿ ನಿದರ್ಶನವಿದೆ. ಬೇಟೆ ಬದುಕಿನ ಭಾಗವೇ ಆಗಿದ್ದ ಅರುಣಾಚಲ ಪ್ರದೇಶದಲ್ಲಿ 2021ರ ಮಾರ್ಚಿಯಲ್ಲಿ ಪೂರ್ವ ಕಾಮೆಂಗ್ ಜಿಲ್ಲೆಯ ಲುಮ್ಡುಂಗ್ ಗ್ರಾಮದಿಂದ ಏರ್‌ಗನ್ ಒಪ್ಪಿಸುವ ಅಭಿಯಾನ ಆರಂಭವಾಯಿತು. ಮುಂದೆ ಎರಡು ಸಾವಿರಕ್ಕೂ ಹೆಚ್ಚು ಏರ್‌ಗನ್ನುಗಳನ್ನು ಜನರೇ ತಂದೊಪ್ಪಿಸಿದರು. ಅಲ್ಲಿ ದಾಳಿಯಾಗಲಿಲ್ಲ, ಜಪ್ತಿಯಾಗಲಿಲ್ಲ. ಹಲಗಲಿಯಲ್ಲಿ ಬಲಾತ್ಕಾರದಿಂದ ಆಗದ ಕೆಲಸ ಅಲ್ಲಿ ವಿನಂತಿಯಿಂದ ಆಯಿತು.

ತಿಂಥಣಿಯ ಸುತ್ತಲಿನ ಪಂಚಾಯಿತಿಗಳಾಗಲಿ, ಮಲೆನಾಡಿನ ಗ್ರಾಮಸಭೆಗಳಾಗಲಿ ಇದನ್ನು ತಮ್ಮ ಮಾತಾಗಿ ಎತ್ತಿಕೊಳ್ಳಬೇಕು. ಮಾರ್ಪಡಿಸಿದ ಕೋವಿಗಳನ್ನು ಶಿಕ್ಷೆಯ ಭಯವಿಲ್ಲದೆ ಒಪ್ಪಿಸಲು ಪೊಲೀಸರೊಂದಿಗೆ ಮಾತನಾಡಿ ಒಂದು ಅವಧಿ ಗೊತ್ತುಮಾಡಲಿ. ಶಾಲೆಯ ವಿಜ್ಞಾನ ಮಾಸ್ತರರು ಚಲನಶಕ್ತಿಯ ಪಾಠಕ್ಕೆ ಪೆಲೆಟ್ ಮತ್ತು ಸ್ಲಗ್ಗಿನ ಲೆಕ್ಕವನ್ನೇ ಉದಾಹರಣೆ ಕೊಡಲಿ. ಅಟ್ಟಣೆಯ ಮೇಲೆ ಕವಣೆ ಬೀಸಿದ ಹಿರಿಯರು ಇನ್ನೂ ಊರಲ್ಲಿದ್ದಾರೆ. ಈ ಹಿಂಗಾರಿಯಲ್ಲಿ ಹುಡುಗರು ಅವರ ಬಳಿ ಕುಳಿತು ಒಂದು ಕವಣೆ ಹೆಣೆಯುವುದನ್ನಾದರೂ ಕಲಿಯಲಿ.