ಬಯಕೆ ಬೇರೆ, ಸವಿ ಬೇರೆ

ಮನಸ್ಸನ್ನು ಮಂಗನಿಗೆ ಹೋಲಿಸುವುದು ನಮ್ಮ ನಾಡಿನ ಹಳೆಯ ರೂಢಿ. ಕೊಂಬೆಯಿಂದ ಕೊಂಬೆಗೆ ಹಾರುವ ಅದರ ಚಂಚಲತೆಯನ್ನು ಕಂಡವರು ಈ ಹೋಲಿಕೆಯನ್ನು ಅಲ್ಲಗಳೆಯಲಾರರು. ಆದರೆ ಮಂಗವು ಹಾರುವುದಾದರೂ ಏತಕ್ಕೆ ಎಂದು ನಾವು ಕೇಳಿಕೊಂಡದ್ದು ಕಡಿಮೆ. ಆ ಪ್ರಶ್ನೆಯನ್ನು ಪ್ರಯೋಗಶಾಲೆಯಲ್ಲಿ ನಿಜವಾದ ಮಂಗಗಳ ಮುಂದಿಟ್ಟು ಉತ್ತರ ಪಡೆದವರಿದ್ದಾರೆ. ಮನೆಯಲ್ಲಿ ಕಂಪವಾತದ ರೋಗಿಗಳಿರುವ ಸದ್ಭಕ್ತರಿಗೆ ಆ ಉತ್ತರವು ತೀರ ಹತ್ತಿರದ್ದಾದುದರಿಂದ ಈ ಸಂಚಿಕೆಯಲ್ಲಿ ಅದನ್ನು ಪ್ರಸ್ತಾಪಿಸುತ್ತಿದ್ದೇವೆ.

ಬೆನ್ನುಹುರಿಯು ತಲೆಬುರುಡೆಯನ್ನು ಹೊಕ್ಕು ಮಿದುಳನ್ನು ಸೇರುವಲ್ಲಿ ಹೆಬ್ಬೆರಳ ಗಾತ್ರದ ಒಂದು ಕಾಂಡವಿದೆ. ಅದೇ ಮಿದುಳುಕಾಂಡ. ಮೀನಿಗೂ ಹಲ್ಲಿಗೂ ಇಲಿಗೂ ಮನುಷ್ಯನಿಗೂ ಅದು ಉಂಟು. ಉಸಿರಾಟ, ಎದೆಬಡಿತ, ನುಂಗುವಿಕೆಗಳನ್ನು ನೋಡಿಕೊಳ್ಳುವುದಷ್ಟೇ ಅದರ ಕೆಲಸವೆಂದೂ, ಉಳಿದ ದೊಡ್ಡ ಕಾರ್ಯಗಳೆಲ್ಲ ಮೇಲಿನ ಮಿದುಳಿನವೆಂದೂ ಬಹುಕಾಲ ನಂಬಲಾಗಿತ್ತು. 1949ರಲ್ಲಿ ಮೊರುಝಿ ಮತ್ತು ಮ್ಯಾಗೂನ್ ಎಂಬ ಇಬ್ಬರು ವಿಜ್ಞಾನಿಗಳು ಅರಿವಳಿಕೆ ಕೊಟ್ಟ ಬೆಕ್ಕುಗಳ ಮಿದುಳುಕಾಂಡದ ಒಳತಿರುಳಿಗೆ ಸೌಮ್ಯವಾದ ವಿದ್ಯುತ್ತನ್ನು ಹಾಯಿಸಿದರು. ನಿದ್ರೆಯ ನಿಧಾನ ಅಲೆಗಳನ್ನು ತೋರುತ್ತಿದ್ದ ಮಿದುಳು ಕ್ಷಣದಲ್ಲಿ ಎಚ್ಚರದ ಅಲೆಗಳನ್ನು ತೋರಿತು. ಮೇಲಿನ ಮಿದುಳನ್ನು ಎಬ್ಬಿಸುವ ಕೈ ಕೆಳಗಿತ್ತು!

ಈ ಕಾಂಡದಲ್ಲಿ ಲೋಕಸ್ ಸೆರೂಲಿಯಸ್, ಅಂದರೆ 'ನೀಲಿ ತಾಣ', ಎಂಬ ಸಣ್ಣ ನರಕೋಶಗಳ ಗುಂಪಿದೆ. ಮನುಷ್ಯನಲ್ಲಿ ಇಲ್ಲಿರುವುದು ಕೆಲವು ಹತ್ತು ಸಾವಿರ ಕೋಶಗಳು ಮಾತ್ರ. ಆದರೂ ಅವುಗಳ ಎಳೆಗಳು ಮಿದುಳಿನ ಬಹುತೇಕ ಎಲ್ಲ ಭಾಗಗಳಿಗೂ ಹರಡಿವೆ. ಪರದೆಯ ಮೇಲೆ ನಿಗದಿತ ಗುರುತು ಕಂಡಾಗ ಪ್ರತಿಕ್ರಿಯಿಸುವಂತೆ ಮಂಗಗಳನ್ನು ಪಳಗಿಸಿ ಈ ಕೋಶಗಳನ್ನು ಪರಿಶೀಲಿಸಲಾಯಿತು. ಕೋಶಗಳು ಸುಮ್ಮನಿದ್ದಾಗ ಮಂಗ ತೂಕಡಿಸಿತು. ಅವು ಹದವಾಗಿ ಮಿಡಿಯುತ್ತಾ ಗುರುತು ಕಂಡಾಗ ಮಾತ್ರ ಚುರುಕಾದಾಗ ಮಂಗವು ತಪ್ಪಿಲ್ಲದೆ ಕೆಲಸ ಮಾಡಿತು. ಅವು ಬಿಡುವಿಲ್ಲದೆ ಮಿಡಿದಾಗಲೋ, ಅದರ ಗಮನ ಚೆದುರಿತು, ತಪ್ಪುಗಳು ಹೆಚ್ಚಿದವು. ಏಕಾಗ್ರತೆಯು ಅತಿಯಾದ ಎಚ್ಚರದಲ್ಲಿಲ್ಲ, ಹದವಾದ ಎಚ್ಚರದಲ್ಲಿದೆ. ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳನ್ನು ಗದರಿಸಿ ಓದಿಸುವ ತಂದೆತಾಯಿಗಳು ಇದನ್ನು ಗಮನಿಸಿದರೆ ಒಳಿತು.

ಇನ್ನು ಬಯಕೆಯ ವಿಚಾರ. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಎಂಬವರು ಇಲಿಗಳ ಮಿದುಳಿನ ಆಳಕ್ಕೆ ಸೂಕ್ಷ್ಮ ತಂತಿಯನ್ನು ಇಳಿಸಿ, ಸನ್ನೆಯನ್ನು ಒತ್ತಿದರೆ ಅಲ್ಲಿಗೆ ವಿದ್ಯುತ್ ಹಾಯುವಂತೆ ಮಾಡಿದರು. ಇಲಿಗಳು ಒತ್ತಿದವು, ಮತ್ತೆ ಮತ್ತೆ ಒತ್ತಿದವು. ಮುಂದಿನ ಪ್ರಯೋಗಗಳಲ್ಲಿ ಹಸಿದ ಇಲಿಗಳು ಅನ್ನವನ್ನೂ ಬಿಟ್ಟು ಒತ್ತುತ್ತಲೇ ಇದ್ದವು. ಲೋಕವು ಅದನ್ನು 'ಆನಂದದ ಕೇಂದ್ರ'ವೆಂದು ಕರೆಯಿತು. ಮಿದುಳುಕಾಂಡದ ಮೇಲ್ತುದಿಯಾದ ನಡುಮಿದುಳಿನಿಂದ ಹೊರಟು ಡೋಪಮೈನ್ ಎಂಬ ರಾಸಾಯನಿಕವನ್ನು ಸುರಿಸುವ ನರಕೋಶಗಳಿಗೆ ಈ ವರ್ತನೆಯಲ್ಲಿ ದೊಡ್ಡ ಪಾತ್ರವಿದೆಯೆಂಬುದು ಆಮೇಲೆ ತಿಳಿಯಿತು.

ಆದರೆ ಅದು ಆನಂದವೇ ಆಗಿತ್ತೆ? ಅಮೆರಿಕದ ಕೆಂಟ್ ಬೆರಿಡ್ಜ್ ಮತ್ತು ಸಂಗಡಿಗರು ಬೇರೊಂದು ದಾರಿ ಹಿಡಿದರು. ಡೋಪಮೈನನ್ನು ಬಹುಪಾಲು ನಾಶಮಾಡಿದ ಇಲಿಗಳು ಎದುರಿಗಿಟ್ಟ ಆಹಾರದತ್ತ ಹೋಗಲಿಲ್ಲ. ಕೊಳವೆಯ ಮೂಲಕ ಉಣಿಸದಿದ್ದರೆ ಸಾಯುತ್ತಿದ್ದವು. ಅವುಗಳ ಬಾಯಿಗೆ ಸಕ್ಕರೆಯ ನೀರನ್ನು ಬಿಟ್ಟಾಗಲೋ, ಎಂದಿನಂತೆ ತುಟಿ ಸವರಿಕೊಂಡವು. ಸವಿ ಉಳಿದಿತ್ತು, ಬಯಕೆ ಅಳಿದಿತ್ತು. ಇವೆರಡೂ ಒಂದೇ ಎಂದು ನಾವೆಲ್ಲ ತಿಳಿದಿದ್ದೇವಲ್ಲ, ಆ ತಿಳಿವಳಿಕೆಯನ್ನೇ ಈ ಇಲಿಗಳು ಅಲ್ಲಾಡಿಸಿದವು.

ಸ್ವಿಟ್ಜರ್ಲೆಂಡಿನ ಫ್ರಿಬೂರ್ ನಗರದಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಅವರು ಮಂಗಗಳಲ್ಲಿ ಇದೇ ಕೋಶಗಳನ್ನು ಅಭ್ಯಸಿಸಿದರು. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಕೋಶಗಳು ಪುಟಿದವು. ರಸಕ್ಕೆ ಮೊದಲು ದೀಪವೊಂದು ಬೆಳಗುವುದು ರೂಢಿಯಾದ ಮೇಲೆ ಅವು ದೀಪಕ್ಕೇ ಪುಟಿದವು, ರಸಕ್ಕಲ್ಲ. ದೀಪ ಬೆಳಗಿಯೂ ರಸ ಬಾರದಿದ್ದರೆ, ಬರಬೇಕಿದ್ದ ಹೊತ್ತಿಗೆ ಸರಿಯಾಗಿ ಅವು ಮೌನವಾದವು. ರಸ ಬಂದೀತೋ ಬಾರದೋ ಎಂಬ ಸಂದೇಹ ಸರಿಸಮವಾಗಿದ್ದಾಗ ಕಾಯುವ ಹೊತ್ತಿನ ಮಿಡಿತ ಅತಿ ಹೆಚ್ಚಾಗಿತ್ತೆಂದು ಅವರ ತಂಡ 2003ರಲ್ಲಿ ತೋರಿಸಿತು. ಜೂಜುಕಟ್ಟೆ ನಿಂತಿರುವುದು ಇದೇ ಸಂದೇಹದ ಮೇಲೆ. ಮೂಕಜೀವಿಗಳನ್ನು ಹೀಗೆ ಪ್ರಯೋಗಕ್ಕೆ ಒಡ್ಡುವುದು ನಮ್ಮ ಮನಸ್ಸಿಗೆ ಒಗ್ಗುವ ಸಂಗತಿಯಲ್ಲ. ಆದರೆ ಅವು ತೆತ್ತ ಬೆಲೆಯಿಂದ ದೊರೆತ ತಿಳಿವನ್ನು ಬಳಸದೆ ಬಿಡುವುದು ಇನ್ನೂ ದೊಡ್ಡ ತಪ್ಪಾದೀತು.

ಬಳಸಬೇಕಾದುದು ಎಲ್ಲಿ ಎಂಬುದನ್ನು ಹೇಳುತ್ತೇವೆ. ನಡುಮಿದುಳಿನ ಡೋಪಮೈನ್ ಕೋಶಗಳು ಸಾಯುವುದರಿಂದಲೇ ಪಾರ್ಕಿನ್ಸನ್ ಕಾಯಿಲೆಯ ಕೈನಡುಕ, ಬಿಗಿತ, ನಿಧಾನಗತಿಗಳು ಕಾಣಿಸುತ್ತವೆ. ಕಂಪವಾತವೆಂದು ಹಿರಿಯರು ಕರೆಯುತ್ತಿದ್ದುದೂ ಇಂಥ ನಡುಕವನ್ನೇ. ಡೋಪಮೈನಿನಂತೆ ವರ್ತಿಸುವ ಪ್ರಮಿಪೆಕ್ಸಾಲ್, ರೋಪಿನಿರೋಲ್ ಮುಂತಾದ ಮಾತ್ರೆಗಳು ಅನೇಕರಿಗೆ ನಡೆದಾಡುವ ಶಕ್ತಿಯನ್ನು ಮರಳಿ ಕೊಟ್ಟಿವೆ. ಕೆಲವರಲ್ಲಿ ಅವು ಬಯಕೆಯ ಕಟ್ಟನ್ನೂ ಸಡಿಲಿಸುತ್ತವೆ. ಜೂಜು, ಮಿತಿಯಿಲ್ಲದ ಖರೀದಿ, ಅತಿಯಾದ ತಿನ್ನುವಿಕೆ, ವಯಸ್ಸಿಗೆ ಹೊಂದದ ಕಾಮಾಸಕ್ತಿ ತಲೆದೋರುತ್ತವೆ. ಅಮೆರಿಕ ಮತ್ತು ಕೆನಡಾಗಳಲ್ಲಿ 3,090 ರೋಗಿಗಳನ್ನು ಒಳಗೊಂಡು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ವರ್ಗದ ಮಾತ್ರೆ ಸೇವಿಸುತ್ತಿದ್ದವರ ಪೈಕಿ ಶೇ. 17ರಷ್ಟು ಮಂದಿಯಲ್ಲಿ ಇಂಥ ತೊಂದರೆ ಕಂಡುಬಂತು. ಸೇವಿಸದವರಲ್ಲಿ ಅದು ಶೇ. 7ರಷ್ಟಿತ್ತು.

ನಮ್ಮ ಪರಿಚಯದ ನಿವೃತ್ತ ಶಿಕ್ಷಕರೊಬ್ಬರು ಬದುಕಿನಲ್ಲಿ ಇಸ್ಪೀಟು ಎಲೆ ಮುಟ್ಟಿದವರಲ್ಲ. ಮಾತ್ರೆ ಹೆಚ್ಚಿಸಿದ ಕೆಲವು ತಿಂಗಳಲ್ಲಿ ಅವರು ಮೊಬೈಲಿನಲ್ಲಿ ರಾತ್ರಿಯೆಲ್ಲ ರಮ್ಮಿ ಆಡತೊಡಗಿದರು. ಪಿಂಚಣಿ ಕರಗಿತು. ಮಕ್ಕಳು ತಂದೆಯೊಡನೆ ಮಾತು ಬಿಟ್ಟರು, ಬಂಧುಗಳು ಮುದಿವಯಸ್ಸಿನ ಚಪಲವೆಂದು ನಕ್ಕರು. ಆಟದಲ್ಲಿ ತಮಗೆ ಸುಖವೇನೂ ಇಲ್ಲ, ಬಿಡಲು ಆಗುತ್ತಿಲ್ಲ ಅಷ್ಟೆ ಎಂದು ಅವರು ಹೇಳುತ್ತಿದ್ದುದನ್ನು ಯಾರೂ ನಂಬಲಿಲ್ಲ. ಆ ಇಲಿಗಳ ಕಥೆ ತಿಳಿದ ನಮಗೆ ಅವರ ಮಾತು ಅಕ್ಷರಶಃ ನಿಜವಿದ್ದೀತೆಂದೇ ತೋರುತ್ತದೆ.

ಇಂಥ ಬದಲಾವಣೆ ಕಂಡಾಗ ನಡತೆಯನ್ನು ಹಳಿಯುವ ಮುನ್ನ ಔಷಧಿಯ ಚೀಟಿಯನ್ನು ನೋಡಿರೆಂಬುದು ನಮ್ಮ ವಿನಂತಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೇಬಾರದು. ಒಮ್ಮೆಲೇ ನಿಲ್ಲಿಸುವುದು ಅಪಾಯಕರ. ನಸುಗುನ್ನಿಯ ಬೀಜದ ಪುಡಿಯನ್ನು ಸೇವಿಸುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಡೋಪಮೈನಾಗಿ ಮಾರ್ಪಡುವ ಲೆವೊಡೋಪ ಆ ಬೀಜದಲ್ಲಿಯೇ ಇದೆ. ಲಜ್ಜೆಯಿಂದ ರೋಗಿಗಳು ಇಂಥದನ್ನು ತಾವಾಗಿ ಹೇಳುವುದಿಲ್ಲ, ಮನೆಯವರೇ ಬಾಯಿಬಿಡಬೇಕಾಗುತ್ತದೆ. ಆ ಶಿಕ್ಷಕರ ವಿಷಯದಲ್ಲಿ ಬಾಯಿಬಿಟ್ಟವರು ಅವರ ಸೊಸೆ. ನರರೋಗ ತಜ್ಞರು ಆ ಮಾತ್ರೆಯನ್ನು ಹಂತಹಂತವಾಗಿ ತಗ್ಗಿಸಿ ಬೇರೊಂದನ್ನು ಕೊಟ್ಟರು. ಕೈನಡುಕ ತುಸು ಹೆಚ್ಚಿದೆ, ರಮ್ಮಿ ನಿಂತಿದೆ. ಹಿರಿಯ ಮಗ ಮಾತ್ರ ಇನ್ನೂ ತಂದೆಯೊಡನೆ ಮಾತನಾಡಿಲ್ಲ.