ನೌಕರಿ ಬಿಡದೆ ಮ್ಯಾನೇಜರ್ ವಿದ್ಯೆ

1885ರಲ್ಲಿ ಗೋಕಾಕ ಮಿಲ್ಲು ಸ್ಥಾಪನೆಯಾದ ಕಾಲದಿಂದಲೂ ಘಟಪ್ರಭಾ ದಂಡೆಯ ಮನೆಗಳಿಗೆ ಪಾಳಿ, ಹಾಜರಿ, ಬಡ್ತಿ ಎಂಬ ಮಾತುಗಳು ಹೊಸವಲ್ಲ. ಕೆಲಸ ಮಾಡುವುದನ್ನು ಕಲಿಸುವವರು ಇಲ್ಲಿ ಬೇಕಾದಷ್ಟು ಜನ ಇದ್ದರು. ಕೆಲಸ ಮಾಡಿಸುವುದನ್ನು ಕಲಿಸುವವರು ಮಾತ್ರ ವಿರಳ. ಯಂತ್ರವನ್ನು ಚೆನ್ನಾಗಿ ಬಲ್ಲ ಫಿಟ್ಟರನಿಗೆ ಒಂದು ದಿನ ಬಡ್ತಿ ಸಿಗುತ್ತದೆ. ಮರುದಿನದಿಂದ ಅವನ ಕೈಯಲ್ಲಿ ಪಾನಾ ಇರುವುದಿಲ್ಲ, ಹಾಜರಿ ಪುಸ್ತಕ ಇರುತ್ತದೆ. ಇಪ್ಪತ್ತು ಜನರನ್ನು ಸಂಭಾಳಿಸುವ ವಿದ್ಯೆ ಅವನಿಗೆ ಎಲ್ಲಿಂದ ಬರಬೇಕು?

ಇದು ಅವನೊಬ್ಬನ ಪ್ರಶ್ನೆಯಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಬ್ಬಿನ ತಾಲ್ಲೂಕುಗಳು. ಕಟಾವಾದ ಕಬ್ಬು ಕಾರಖಾನೆಯ ಅಂಗಳದಲ್ಲಿ ಕಾದಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ, ಸಕ್ಕರೆಯ ಅಂಶವೂ ಕುಗ್ಗುತ್ತದೆ. ಪಾಳಿಯ ಮೇಲ್ವಿಚಾರಕ ಸರಿಯಾಗಿ ಯೋಜಿಸದೆ ಗಿರಣಿ ನಿಂತರೆ, ಆ ನಷ್ಟದಲ್ಲಿ ಸರದಿಯಲ್ಲಿ ನಿಂತ ರೈತನಿಗೂ ಪಾಲು ಬರುತ್ತದೆ.

ಈ ವಿದ್ಯೆಗಾಗಿ ನೌಕರಿ ಬಿಟ್ಟು ಪುಣೆಗೋ ಬೆಂಗಳೂರಿಗೋ ಹೋಗಬೇಕಾದ ಅನಿವಾರ್ಯತೆ ಈಗಿಲ್ಲ. ಕೇಂದ್ರ ಸರ್ಕಾರದ 'ಸ್ವಯಂ' ಜಾಲತಾಣ 2017ರಲ್ಲಿ ಆರಂಭವಾಯಿತು. ಅದರಲ್ಲಿ ನಿರ್ವಹಣಾ ಶಾಸ್ತ್ರದ ಪಾಠಗಳ ಹೊಣೆ ಹೊತ್ತ ಸಂಸ್ಥೆಗಳಲ್ಲಿ ಬೆಂಗಳೂರಿನ ಐಐಎಂ ಕೂಡ ಒಂದು. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳೂ ಅಲ್ಲಿ ಸಿಗುತ್ತವೆ. ಪಾಠ ಕೇಳಲು ಶುಲ್ಕವಿಲ್ಲ. ಪ್ರಮಾಣಪತ್ರ ಬೇಕೆಂದರೆ ಪರೀಕ್ಷಾ ಶುಲ್ಕ ಕಟ್ಟಬೇಕು. ಸರ್ಕಾರಿ ನೌಕರರಿಗಾಗಿ 'ಐಗಾಟ್ ಕರ್ಮಯೋಗಿ' ಎಂಬ ಬೇರೆಯ ವೇದಿಕೆಯೇ ಇದೆ.

ಒಂದು ವಿಷಯವನ್ನು ಪಾಲಕರು ಗಮನಿಸಬೇಕು. ಈ ಪಾಠಗಳ ಸರಣಿ ಸಾಮಾನ್ಯವಾಗಿ ಜನವರಿ ಮತ್ತು ಜುಲೈಯಲ್ಲಿ ಶುರುವಾಗುತ್ತದೆ. ಜನವರಿ ಎಂದರೆ ಕಬ್ಬು ನುರಿಸುವ ಹಂಗಾಮಿನ ನಡುಮಧ್ಯ. ರಾತ್ರಿಪಾಳಿ ಮುಗಿಸಿ ಬಂದವನಿಗೆ ಕಣ್ಣು ಬಿಡುವುದೇ ಕಷ್ಟ, ಇನ್ನು ಪಾಠವೆಲ್ಲಿ? ಜುಲೈಯಲ್ಲಿ ಕಾರಖಾನೆ ದುರಸ್ತಿಯಲ್ಲಿರುತ್ತದೆ. ಹನ್ನೆರಡು ವಾರದ ಪಾಠವನ್ನು ಮುಂದಿನ ಹಂಗಾಮು ಬಿರುಸಾಗುವ ಮೊದಲೇ ಮುಗಿಸಬಹುದು. ಕಾಲ ನೋಡಿ ಬಿತ್ತುವುದನ್ನು ಈ ಭಾಗದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಮೊಬೈಲಿನಲ್ಲಿ ಪಾಠ ಕೇಳಿದ ಮಾತ್ರಕ್ಕೆ ಯಾರೂ ವ್ಯವಸ್ಥಾಪಕರಾಗುವುದಿಲ್ಲ. ಕೆಲವು ಯುವಕರು ಪ್ರಮಾಣಪತ್ರಗಳನ್ನು ಅಂಚೆಚೀಟಿಗಳಂತೆ ಕೂಡಿಹಾಕುತ್ತಾರೆ. ಅದರಿಂದ ಫೈಲು ದಪ್ಪವಾಗುತ್ತದೆ, ಅಷ್ಟೆ. ಸಮಯ ನಿರ್ವಹಣೆಯ ಪಾಠ ಕೇಳಿದವನು ಹಿಂದಿನ ಹಂಗಾಮಿನ ದಾಖಲೆ ತೆಗೆದು, ಗಿರಣಿ ಎಷ್ಟು ಸಲ ನಿಂತಿತು, ಏಕೆ ನಿಂತಿತು ಎಂದು ಇಬ್ಬರು ಸಹೋದ್ಯೋಗಿಗಳೊಂದಿಗೆ ಕುಳಿತು ಲೆಕ್ಕ ಹಾಕಿದರೆ ಆಗ ಪಾಠ ಮೈಗೆ ಹತ್ತುತ್ತದೆ. ಬಹಳಷ್ಟು ಪಾಠಗಳು ಇಂಗ್ಲಿಷಿನಲ್ಲಿವೆ ಎಂಬ ತೊಡಕೂ ಸಣ್ಣದಲ್ಲ. ಗುಂಪಿನಲ್ಲಿ ಕೇಳಿ ಕನ್ನಡದಲ್ಲಿ ಚರ್ಚಿಸಿದರೆ ಅರ್ಧ ಭಾರ ಇಳಿಯುತ್ತದೆ.

ಕಾರಖಾನೆಗಿಂತಲೂ ತುರ್ತು ಇರುವುದು ಹಳ್ಳಿಯ ಪಿಕೆಪಿಎಸ್‌ಗಳಲ್ಲಿ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಂಕಿ ತುಂಬುವುದು ಆಪರೇಟರನ ಕೆಲಸ. ಯಾರ ಸಾಲ ಏಕೆ ಬಾಕಿ ಉಳಿಯಿತು, ಗೊಬ್ಬರ ಎಷ್ಟು ತರಿಸಬೇಕು ಎಂದು ಆ ಅಂಕಿಗಳಿಂದ ತಿಳಿಯಬೇಕಾದವನು ಕಾರ್ಯದರ್ಶಿ. ಅವನಿಗೆ ಅದು ತಿಳಿಯದಿದ್ದರೆ ಸಂಘದ ಕೀಲಿಕೈ ಆಪರೇಟರನ ಕೈ ಸೇರುತ್ತದೆ. 1969ರಲ್ಲೇ ರೈತರು ತಮ್ಮದೇ ವಿದ್ಯುತ್ ಸಹಕಾರ ಸಂಘ ಕಟ್ಟಿಕೊಂಡ ಹುಕ್ಕೇರಿಯಂಥ ತಾಲ್ಲೂಕಿನಲ್ಲಿ ಹಾಗಾಗಬಾರದು.

ಬಿ.ಕಾಂ. ಓದುತ್ತಿರುವ ಮಕ್ಕಳು ನೌಕರಿ ಸಿಗುವವರೆಗೆ ಕಾಯಬೇಕಾಗಿಲ್ಲ. ಲೆಕ್ಕಪತ್ರದ ಒಂದು ಪಾಠ ಹಿಡಿದು, ತಮ್ಮೂರಿನ ಸಂಘದ ವಾರ್ಷಿಕ ವರದಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಲಿ. ಸರ್ವಸದಸ್ಯರ ಸಭೆಗೆ ಮುನ್ನ ಆ ವರದಿ ಸದಸ್ಯನಾದ ಅಪ್ಪನ ಕೈಗೆ ಬಂದೇ ಬರುತ್ತದೆ.